30 ದಿನದ ರಜೆಯಲ್ಲಿ 2 ದಿನ ಮಡಿಕೇರಿಗೆ

ಊರಿಗೆ ಹೊರಡುವ ಮೊದಲು ನಾವೆಲ್ಲ ಒಂದು ಲೆಕ್ಕ ಬರೆಯುತ್ತೇವೆ. ಯಾರಿಗೆ ಸೆಂಟು, ಯಾರಿಗೆ ಕಂಬಳಿ, ಎಷ್ಟು ಕಿಲೋ ಚಾಕೊಲೇಟು, ಲಗೇಜು ಎಷ್ಟಾಯಿತು ಎಂದು. ದಿನಗಳ ಲೆಕ್ಕ ಮಾತ್ರ ಯಾರೂ ಬರೆಯುವುದಿಲ್ಲ. ಸೌದಿ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 21 ದಿನ ರಜೆ, ಒಂದೇ ಕಡೆ 5 ವರ್ಷ ತುಂಬಿದ ಮೇಲೆ 30 ದಿನ. ಅದರಲ್ಲೂ ಟಿಕೆಟಿನ ದುಡ್ಡು ನೋಡಿ ಎರಡು ವರ್ಷಕ್ಕೊಮ್ಮೆ ಹೋಗುವವರೇ ನಮ್ಮಲ್ಲಿ ಜಾಸ್ತಿ.

ಅಕೌಂಟ್ಸ್ ಕೆಲಸದ ಚಾಳಿ, ಹಿಂದಿನೊಂದು ರಜೆಯನ್ನು ನಾವು ಹಾಗೆ ಬರೆದು ನೋಡಿದೆವು. ಮದುವೆ, ಔತಣ 9 ದಿನ. ಮನೆ ಕೆಲಸದ ಮೇಸ್ತ್ರಿಯ ಹಿಂದೆ 7. ಮರಣದ ಮನೆ, ರೋಗಿಗಳನ್ನು ನೋಡುವುದು 5. ಬ್ಯಾಂಕು, ತಾಲೂಕು ಕಚೇರಿ 4. ಜ್ವರ ಬಂದು ಮಲಗಿದ್ದು 3. ಲಗೇಜು ಕಟ್ಟಲು 2. ಹೆಂಡತಿ ಮಕ್ಕಳ ಹೆಸರಿನ ಎದುರು ಬರೆಯಲು ಏನೂ ಉಳಿದಿರಲಿಲ್ಲ.

ಹಾಗಾಗಿ ಕಳೆದ ಜನವರಿಯ ರಜೆಯಲ್ಲಿ ಮೊದಲೇ 2 ದಿನ ತೆಗೆದಿಟ್ಟು ಮಡಿಕೇರಿಗೆ ಹೋದೆವು. ನಮ್ಮವರಿಗೆ ಕೊಡಗು ಅಂದರೆ ಎಮ್ಮೆಮಾಡು ಜಿಯಾರತ್. ಬೆಳಿಗ್ಗೆ ಕುಟುಂಬದವರೆಲ್ಲ ಜೀಪು ತುಂಬಾ ಹೋಗಿ ರಾತ್ರಿ ವಾಪಸ್. ಅದು ಬರಕತ್ತಿನ ಪ್ರಯಾಣ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಮಕ್ಕಳು ನಮ್ಮ ಪಕ್ಕದಲ್ಲಿರುವುದಿಲ್ಲ, ಹಿಂದಿನ ಸೀಟಿನಲ್ಲಿ ಯಾರದೋ ಮಡಿಲಲ್ಲಿರುತ್ತಾರೆ.

ಮಂಗಳೂರಿನಿಂದ ಸುಮಾರು 140 ಕಿ.ಮೀ. ಪುತ್ತೂರು, ಸುಳ್ಯ ದಾಟಿ ಸಂಪಾಜೆಯಿಂದ ಘಾಟಿ ಶುರು. ನಾಲ್ಕನೇ ತಿರುವಿಗೆ ಮಗಳು ವಾಂತಿ ಮಾಡಿದಳು. ನಾವು ಗಾಬರಿಯಾಗಿ ಆಸ್ಪತ್ರೆ ಎಲ್ಲಿದೆ ಎಂದು ಡ್ರೈವರನ್ನು ಕೇಳುತ್ತಿದ್ದರೆ, ಅವಳ ಉಮ್ಮ ಸುಮ್ಮನೆ ಚೀಲದಿಂದ ನಿಂಬೆಹಣ್ಣು ತೆಗೆದು ಕೊಟ್ಟಳು. "ಇವಳಿಗೆ ಯಾವಾಗಲೂ ಹೀಗೇ, ಸ್ಕೂಲ್ ಟ್ರಿಪ್‌ನಲ್ಲೂ ಆಗ್ತದೆ" ಎಂದಳು. ಮಗಳಿಗೆ 11 ವರ್ಷ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಉಪ್ಪನಾದ ನಮಗೊಬ್ಬರಿಗೆ ಗೊತ್ತಿರಲಿಲ್ಲ. ಅವಳ ಫೀಸು, ಟ್ಯೂಷನ್ನು, ಪೆರ್ನಾಳಿನ ಬಟ್ಟೆ, ಪ್ರತಿಯೊಂದರ ರಶೀದಿಯೂ ನಮ್ಮ ಹತ್ತಿರ ಇದೆ.

ಮಡಿಕೇರಿಯಲ್ಲಿ ದೊಡ್ಡದೇನೂ ಮಾಡಲಿಲ್ಲ. ರಾಜಾಸೀಟಿನಲ್ಲಿ ಸೂರ್ಯ ಮುಳುಗುವವರೆಗೆ ಕೂತೆವು. ಚಳಿಗೆ ಮಕ್ಕಳು ನಮ್ಮ ಶಾಲಿನೊಳಗೆ ನುಗ್ಗಿದರು. ಮರುದಿನ ಓಂಕಾರೇಶ್ವರ ದೇವಸ್ಥಾನದ ಗುಮ್ಮಟ, ಮೂಲೆಗಳ ಮಿನಾರ ನೋಡಿ ಮಗ, "ಉಪ್ಪ, ಇದು ಪಳ್ಳಿಯಾ?" ಎಂದ. 1820ರಲ್ಲಿ ಲಿಂಗರಾಜ ಅರಸ ಕಟ್ಟಿಸಿದ ದೇವಸ್ಥಾನ ಎಂದು ವಿವರಿಸಿದೆವು. ಮಗ ಕೇಳಿ ನಾವು ಉತ್ತರ ಕೊಟ್ಟದ್ದು ಎಷ್ಟು ದಿನದ ಮೇಲೆ! ಫೋನಿನಲ್ಲಿ ಯಾವಾಗಲೂ ನಾವು ಕೇಳುವವರು, ಅವನು "ಹ್ಞಾಂ, ಹ್ಞಾಂ" ಅನ್ನುವವನು.

ವಾಪಸ್ ಬಂದಾಗ ಮಾತು ಬಂತು. ಗಲ್ಫಿನ ದುಡ್ಡು, ಹೆಂಡತಿಯನ್ನು ಕಟ್ಟಿಕೊಂಡು ಸುತ್ತಾಟ ಅಂತ. ಬಾಡಿಗೆ ಕಾರು, ರೂಮು, ಊಟ ಎಲ್ಲ ಸೇರಿ 11,400 ರೂಪಾಯಿ, ಅಂದರೆ 500 ರಿಯಾಲ್ ಆಸುಪಾಸು. ನೆಂಟರಿಗೆಲ್ಲ ಹಂಚುವ ಒಂದು ಪೆಟ್ಟಿಗೆ ಸಾಮಾನಿಗೆ ಅದಕ್ಕಿಂತ ಜಾಸ್ತಿ ಹೋಗುತ್ತದೆ, ಅದನ್ನು ಯಾರೂ ಸುತ್ತಾಟ ಅನ್ನುವುದಿಲ್ಲ. ಪ್ರವಾದಿಯವರು (ಸ.ಅ) ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾರ (ರ.ಅ) ಜೊತೆ ಓಟದ ಪಂದ್ಯ ಮಾಡಿದ್ದನ್ನು ಉಸ್ತಾದರ ಬಾಯಲ್ಲಿ ಎಷ್ಟೋ ಸಲ ಕೇಳಿ ತಲೆಯಾಡಿಸಿದ್ದೇವೆ. ಸುನ್ನತ್ತಿನ ವಿಷಯದಲ್ಲಿ ಇದೊಂದು ಮಾತ್ರ ನಮಗೆ ನಾಚಿಕೆ ಆಗುವುದು ಯಾಕೋ.

ಸಾಲ ಇರುವವರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಕ್ಯಾಂಪಿನಲ್ಲಿ 1,200 ರಿಯಾಲ್ ಸಂಬಳದ ತಮ್ಮಂದಿರಿಗೆ ರೂಮು, ಕಾರು ಮಾಡಿ ಎಂದು ಹೇಳುವ ಧೈರ್ಯ ಇಲ್ಲ. ಸರಕಾರಿ ಬಸ್ಸಿದೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅದೂ ಆಗದಿದ್ದರೆ ಪಣಂಬೂರಿನ ಕಡಲತೀರದಲ್ಲಿ ಒಂದು ಸಂಜೆ. ಆದರೆ ಭಾವ, ಮೈದುನ, ಗೆಳೆಯರು ಯಾರೂ ಜೊತೆಗೆ ಬೇಡ. ವಯಸ್ಸಾದ ಉಮ್ಮ ಮನೆಯಲ್ಲಿದ್ದರೆ ಅವರನ್ನು ಮಾತ್ರ ಬಿಟ್ಟು ಹೋಗಬೇಡಿ. ನಮ್ಮ ಉಮ್ಮ "ನನಗೆ ಮಂಡಿನೋವು, ನೀವು ಹೋಗಿ" ಎಂದವರು, ಕೊನೆಗೆ ಕಾರಿನಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದರು.

ಜುಲೈ, ಆಗಸ್ಟಿನಲ್ಲಿ ರಜೆ ಸಿಕ್ಕವರು ಘಾಟಿಯ ಆಸೆ ಬಿಡಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದದ್ದು ನೆನಪಿರಬಹುದು.

ನಮ್ಮ ಮುಂದಿನ ರಜೆಗೆ ಇನ್ನೂ 14 ತಿಂಗಳಿದೆ, ಇನ್ಶಾ ಅಲ್ಲಾಹ್. ಮಗಳು ಈಗಲೇ ಫೋನಿನಲ್ಲಿ ಕರಾರು ಹಾಕಿದ್ದಾಳೆ: ಘಾಟಿ ಹತ್ತುವಾಗ ಮುಂದಿನ ಸೀಟು ಅವಳಿಗೆ, ಉಪ್ಪ ನಿಂಬೆಹಣ್ಣು ಹಿಡಿದುಕೊಂಡು ಹಿಂದೆ ಕೂರಬೇಕಂತೆ.