ಬಿಲ್ಪತ್ರೆಯ ಜೇನುಸೇಬು
ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಮುಕ್ಕಣ್ಣನಿಗೆ ಏರಿಸುವ ಮೂರೆಸಳಿನ ಬಿಲ್ಪತ್ರೆಗೂ ಬ್ರೆಡ್ಡಿಗೆ ಸವರುವ ಮಾರ್ಮಲೇಡಿಗೂ ನಂಟಿದೆಯೆಂದರೆ ಅರ್ಚಕರು ನಕ್ಕಾರು. ಬಿಲ್ವದ ಸಸ್ಯಶಾಸ್ತ್ರೀಯ ಹೆಸರು ‘ಏಗಲ್ ಮಾರ್ಮೆಲೋಸ್’. ಏಗಲ್ ಗ್ರೀಕ್ ಪುರಾಣದ ಅಪ್ಸರೆ, ಅವಳನ್ನು ಬಿಡಿ. ಸ್ವಾರಸ್ಯವಿರುವುದು ಎರಡನೆಯ ಪದದಲ್ಲಿ. ಗ್ರೀಕಿನಲ್ಲಿ ‘ಮೆಲಿ’ ಜೇನು, ‘ಮೇಲೋನ್’ ಸೇಬು. ಕೂಡಿದರೆ ‘ಮೆಲಿಮೇಲೋನ್’, ಜೇನುಸೇಬು. ಲ್ಯಾಟಿನ್ನಿನಲ್ಲಿ ಅದೇ ‘ಮೆಲಿಮೇಲುಮ್’. ಪೋರ್ಚುಗೀಸರ ಬಾಯಲ್ಲಿ ಸವೆದು ‘ಮಾರ್ಮೆಲೊ’ ಆಯಿತು, ಅಂದರೆ ಕ್ವಿನ್ಸ್ ಹಣ್ಣು. ಅದರ ಪಾಕ ‘ಮಾರ್ಮೆಲಾಡ’. ಇಂಗ್ಲಿಷರು ಹೆಸರನ್ನಷ್ಟೇ ಉಳಿಸಿಕೊಂಡು ಹಣ್ಣನ್ನೇ ಬದಲಿಸಿ ಕಿತ್ತಳೆ ಹಾಕಿದರು! 1753ರಲ್ಲಿ ಬಿಲ್ವಕ್ಕೆ ‘ಮಾರ್ಮೆಲೋಸ್’ ಅಂಟಿಸಿದವನು ಲಿನೇಯಸ್; 1800ರಲ್ಲಿ ‘ಏಗಲ್’ ಸೇರಿಸಿದ ಕೊರೇಯ ಪೋರ್ಚುಗೀಸನೇ. ಅಂದಹಾಗೆ, ಉತ್ತರದ ಕಡೆ ಬಿಲ್ವದ ಕಾಯಿಗೂ ಸಕ್ಕರೆ ಪಾಕ ಹಿಡಿಸಿ ಮುರಬ್ಬ ಮಾಡುತ್ತಾರೆ.