ತಕ್ಕಡಿಗೆ ಮುದ್ರೆ ಉಂಟು, ಮೋಟಾರಿಗೆ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಪೇಟೆಗಳಲ್ಲಿ ಅಂಗಡಿಕಾರನ ಕರೆಂಟಿನ ತಕ್ಕಡಿಯನ್ನು ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯವರ ಪರೀಕ್ಷೆಗೆ ಒಡ್ಡಬೇಕು. ಮುದ್ರೆ ಬೀಳಬೇಕು, ಇಲ್ಲವಾದರೆ ದಂಡ. ವ್ಯಾಪಾರಸ್ಥರು ಗೊಣಗಿದರೂ ಇದಕ್ಕೆ ಒಗ್ಗಿಕೊಂಡಿದ್ದಾರೆ. ರೈತನ ಚೀಲದಲ್ಲಿ ಕಾಲು ಕಿಲೋ ಮೋಸವಾಗಬಾರದೆಂಬ ಈ ಏರ್ಪಾಡು ನ್ಯಾಯವಾದದ್ದೇ ಸರಿ. ಆದರೆ ಅದೇ ತಕ್ಕಡಿಯ ಮಗ್ಗುಲಲ್ಲಿ ಹಮಾಲನ ಕೈಯಲ್ಲಿ ಗರಗರ ಸುತ್ತುವ ಚೀಲ ಹೊಲಿಯುವ ಮಷಿನ್ನನ್ನು ಯಾರು ಪರೀಕ್ಷಿಸಿದ್ದಾರೆ? ಅದರ ವಾಯರು ಚೀಲಗಳ ಮೇಲೆ ಎಳೆದಾಡಿ ಸವೆದಿರುತ್ತದೆ. ಮೂರು ಕಡೆ ಟೇಪು ಸುತ್ತಿರುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿ ಮುರಿದು ಎಷ್ಟೋ ಕಾಲವಾಗಿರುತ್ತದೆ. "ಮುಟ್ಟಿದ್ರ ಜುಂ ಅಂತದ್ರಿ, ರೂಢಿ ಆಗೇತಿ" ಎಂದು ಹಮಾಲನೇ ನಗುತ್ತಾನೆ.

ಈ ರೂಢಿಯ ಮಾತೇ ನಮ್ಮನ್ನು ಬರೆಯುವಂತೆ ಮಾಡಿದೆ. ಯಂತ್ರ ಜುಂ ಎನ್ನುತ್ತಿದೆಯೆಂದರೆ ಕರೆಂಟು ತನ್ನ ದಾರಿ ಬಿಟ್ಟು ಮೈಯ ಮೇಲಿನ ಕಬ್ಬಿಣಕ್ಕೆ ಇಳಿದಿದೆ ಎಂದೇ ಅರ್ಥ. ಇಂದು ಕಾಲಲ್ಲಿ ಒಣ ಚಪ್ಪಲಿ ಇದ್ದದ್ದರಿಂದ ಜುಂ ಎಂದಿತು. ನಾಳೆ ಬೆವರಿದ ಕೈ, ಹಸಿ ನೆಲ, ಬರಿಗಾಲು ಕೂಡಿದರೆ ಕೈ ಬಿಡಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ದೇಶದಲ್ಲಿ ಕರೆಂಟು ತಗುಲಿ ಸಾಯುವವರು ವರ್ಷಕ್ಕೆ 10,000ಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವಾರ್ಷಿಕ ಲೆಕ್ಕಗಳೇ ಹೇಳುತ್ತವೆ.

ನಮ್ಮ ಕಡೆಯ ಕೆಲಸದ ಜಾಗಗಳಲ್ಲಿ ಅಪಾಯ ಎರಡು ಪಟ್ಟು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮು ಜೋರಾಗುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ. ಖಾರದ ಪುಡಿಯ ಗಿರಣಿಯಲ್ಲಿ ಕೆಂಪು ಧೂಳು ಮೋಟಾರಿನ ಹೊಟ್ಟೆಯೊಳಗೂ ಸ್ವಿಚ್ ಪೆಟ್ಟಿಗೆಯೊಳಗೂ ಹೊಕ್ಕು ಕೂಡುತ್ತದೆ. ಮೋಟಾರು ಕಾಯುತ್ತದೆ, ತಂತಿಯ ಹೊದಿಕೆ ಸುಡುತ್ತದೆ. ಇತ್ತ ಅದೇ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರಿಯುತ್ತದೆ. ಒಣ ಮಣ್ಣು ಕರೆಂಟನ್ನು ನೆಲಕ್ಕೆ ಇಳಿಸಿಕೊಳ್ಳುವುದಿಲ್ಲ. ಗುಂಡಿಗೆ ನೀರು ಹಾಕಬೇಕೆಂಬುದು ಗೊತ್ತಿದ್ದವರು ಇದ್ದಾರೆ, ಹಾಕುವವರು ಕಡಿಮೆ. ರಾಣೇಬೆನ್ನೂರಿನ ಹತ್ತಿ, ಅಕ್ಕಿ ಗಿರಣಿಗಳಲ್ಲಿ ಹಿಂಜು ಮತ್ತು ತೌಡಿನ ಧೂಳು ಮಾಡುವುದೂ ಇದೇ ಕೆಲಸ.

ಫ್ಯೂಜು ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಫ್ಯೂಜಾಗಲಿ ಎಂ.ಸಿ.ಬಿ. ಆಗಲಿ ಇರುವುದು ತಂತಿ ಸುಡದಂತೆ ನೋಡಿಕೊಳ್ಳಲು. ಅದು ಹತ್ತು, ಹದಿನಾರು ಆಂಪಿಯರಿನ ಲೆಕ್ಕದ ಸರಕು. ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲೂ ಬೇಕಿಲ್ಲ. ಜೀವ ಉಳಿಸಬಲ್ಲದ್ದು 30 ಮಿಲಿ ಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಅದರ ಮೇಲೆ ಒಂದು ಪರೀಕ್ಷೆಯ ಗುಂಡಿ ಇರುತ್ತದೆ. ಹಾಕಿಸಿಕೊಂಡವರಲ್ಲಿ ಎಷ್ಟು ಜನ ಆ ಗುಂಡಿಯನ್ನು ಒತ್ತಿ ನೋಡಿದ್ದಾರೆ?

ಕಾನೂನು ಇಲ್ಲವೆಂದಲ್ಲ. 1956ರ ವಿದ್ಯುತ್ ನಿಯಮಗಳಿಂದ ಹಿಡಿದು 2003ರ ಕಾಯ್ದೆ, ಅದರಡಿ 2010ರಲ್ಲೂ ಮತ್ತೆ 2023ರಲ್ಲೂ ಬಂದ ಸುರಕ್ಷತಾ ನಿಯಮಾವಳಿಗಳವರೆಗೆ ಹಾಳೆಗಳು ಬೇಕಾದಷ್ಟಿವೆ. ತಂತಿಗೂ ನೆಲಕ್ಕೂ ನಡುವೆ 500 ವೋಲ್ಟ್ ಒತ್ತಡ ಕೊಟ್ಟು ನೋಡಿದರೆ 1 ಮೆಗಾ ಓಮ್ ತಡೆಯಾದರೂ ಇರಬೇಕೆಂಬ ಅಳತೆಯೂ ಹಳೆಯದೇ. ಆದರೆ ಇಲಾಖೆಯ ಕಣ್ಣು ಟ್ರಾನ್ಸ್‌ಫಾರ್ಮರು, ಪ್ಯಾನಲ್ ಬೋರ್ಡುಗಳ ಮೇಲೆ. ಅದೂ ವರ್ಷಗಳಿಗೊಮ್ಮೆ. ಕೈಯಿಂದ ಕೈಗೆ ಹೋಗುವ ಮಷಿನ್ನು, ಡ್ರಿಲ್ಲು, ತಗಡಿನ ಕೂಲರು, ತೊಟ್ಟು ಬಿಡಿಸುವ ಹೆಂಗಸರ ಬಳಿಯ ಟೇಬಲ್ ಫ್ಯಾನು, ಇವು ಯಾವ ದಫ್ತರದಲ್ಲೂ ಇಲ್ಲ. ಮೀಟರಿನಿಂದ ಈಚೆಗಿನದು ತಮ್ಮದಲ್ಲವೆಂದು ವಿದ್ಯುತ್ ಸರಬರಾಜು ಮಾಡುವವರು ಕೈ ತೊಳೆದುಕೊಳ್ಳುತ್ತಾರೆ.

ಇದರ ಮೇಲೆ ಇನ್ನೊಂದು ಪೆಟ್ಟು. ವಿದ್ಯುತ್ತಿನಿಂದ ನಡೆಯುವ ಜಾಗದಲ್ಲಿ 10 ಜನ ದುಡಿಯುತ್ತಿದ್ದರೆ ಅದು ಕಾರ್ಖಾನೆ ಎಂದು 1948ರ ಕಾಯ್ದೆ ಹೇಳುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. 10 ಜನರಿರುವ ಕೆಲಸದ ಜಾಗಕ್ಕೂ ಸಂಹಿತೆ ಅನ್ವಯಿಸುತ್ತದೆ ನಿಜ, ಆದರೆ ಕಾರ್ಖಾನೆಯೆಂಬ ಹೆಸರಿನೊಡನೆ ಬರುವ ಕಟ್ಟುಪಾಡು ತಪ್ಪಿತು. ಹದಿನೈದು ಜನರ ಗಿರಣಿಯಲ್ಲಿ ಕರೆಂಟಿನ ಬಿಸಿ ಇಪ್ಪತ್ತು ಜನರ ಗಿರಣಿಗಿಂತ ಕಡಿಮೆಯೇ? ಮೂರು ಊರುಗಳಲ್ಲೂ ನಮ್ಮವರು ಹೆಚ್ಚಾಗಿ ದುಡಿಯುವುದು ಇಂಥ ಸಣ್ಣ ಗಿರಣಿಗಳಲ್ಲೇ, ಎಂಟು ಹತ್ತು ಜನರ ಷೆಡ್ಡುಗಳಲ್ಲೇ.

ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಇದಕ್ಕೊಂದು ಸರಳ ಪದ್ಧತಿ ಇದೆ. ಪ್ಲಗ್ಗು ಇರುವ ಪ್ರತಿ ಉಪಕರಣವನ್ನೂ ತಿಳಿದವನೊಬ್ಬ ಪರೀಕ್ಷಿಸಿ ವಾಯರಿಗೆ ಚೀಟಿ ಕಟ್ಟುತ್ತಾನೆ. ಪರೀಕ್ಷಿಸಿದ ದಿನ, ಮುಂದಿನ ಪರೀಕ್ಷೆಯ ದಿನ, ಪರೀಕ್ಷಿಸಿದವನ ಹೆಸರು, ಇಷ್ಟೇ ಅದರಲ್ಲಿ. ಕಾರ್ಖಾನೆಯಾದರೆ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ, ಕಟ್ಟಡದ ಕೆಲಸವಾದರೆ 3 ತಿಂಗಳಿಗೊಮ್ಮೆ. ಓದು ಬಾರದ ಕೂಲಿಕಾರನೂ ಗುರುತಿಸುವಂತೆ ಕಟ್ಟಡದ ಕೆಲಸಗಳಲ್ಲಿ ಚೀಟಿಯ ಬಣ್ಣವನ್ನು ಮೂರು ತಿಂಗಳಿಗೊಮ್ಮೆ ಬದಲಿಸುವ ರೂಢಿಯೂ ಅಲ್ಲುಂಟು. ತಕ್ಕಡಿಯ ಮುದ್ರೆ ಬಲ್ಲ ನಮ್ಮ ಪೇಟೆಗೆ ಇದು ಹೊಸ ವಿದ್ಯೆಯೇನಲ್ಲ.

ಇನ್ನೊಬ್ಬ ಅಧಿಕಾರಿ, ಇನ್ನೊಂದು ಲಂಚದ ಬಾಗಿಲು ಎಂದು ಸಣ್ಣ ವ್ಯಾಪಾರಿ ಹೆದರುವುದು ನಮಗೆ ತಿಳಿಯದ್ದಲ್ಲ. ಆ ಹೆದರಿಕೆ ಸುಳ್ಳೂ ಅಲ್ಲ. ಆದ್ದರಿಂದಲೇ ಈ ಕೆಲಸ ಇನ್ಸ್‌ಪೆಕ್ಟರನಿಂದಲ್ಲ, ಪೇಟೆಯಿಂದಲೇ ಆರಂಭವಾಗಲಿ ಎನ್ನುತ್ತೇವೆ. ಮೆಗ್ಗರ್ ಎಂಬ ಪರೀಕ್ಷಾ ಯಂತ್ರವನ್ನು ಒಬ್ಬೊಬ್ಬರೂ ಕೊಳ್ಳಬೇಕಿಲ್ಲ. ವರ್ತಕರ ಸಂಘ, ಹಮಾಲರ ಸಂಘ, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಸೇರಿ ಊರಿಗೊಂದು ತರಿಸಿಕೊಂಡರೆ ಸಾಕು. ಪರವಾನಿಗೆ ಪಡೆದ ವೈರ್‌ಮನ್‌ಗಳು ಮೂರೂ ಊರಲ್ಲಿದ್ದಾರೆ. ಐ.ಟಿ.ಐ. ಕಲಿತ ಹುಡುಗರು ಕೆಲಸವಿಲ್ಲದೆ ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದಾರೆ. ಹಾವೇರಿ, ರಾಣೇಬೆನ್ನೂರಿನ ನಗರಸಭೆಗಳೂ ಬ್ಯಾಡಗಿಯ ಪುರಸಭೆಯೂ ಉದ್ದಿಮೆ ಪರವಾನಿಗೆ ನವೀಕರಿಸುವಾಗ ಶುಲ್ಕದ ರಸೀತಿಯೊಡನೆ ಈ ಚೀಟಿಯನ್ನೂ ಕೇಳಲಿ. ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಗೆ ಮೊದಲ ಪರೀಕ್ಷೆಯ ಖರ್ಚನ್ನು ಮಾರುಕಟ್ಟೆ ಸಮಿತಿ ತನ್ನ ಶುಲ್ಕದ ಹಣದಿಂದ ಕೊಡಲಿ. ಚೀಟಿ ಇಲ್ಲದ ಮಷಿನ್ನನ್ನು ಮುಟ್ಟುವುದಿಲ್ಲ ಎಂದ ಕೂಲಿಕಾರನ ಆ ದಿನದ ಪಗಾರ ಮುರಿಯಕೂಡದೆಂಬ ಕರಾರನ್ನು ಸಂಘದವರು ಬರೆಸಿಕೊಳ್ಳಲಿ. ಇದೊಂದಿಲ್ಲದೆ ಉಳಿದದ್ದೆಲ್ಲ ಬರಿಯ ಕಾಗದ.

ಇಷ್ಟನ್ನು ಬರೆಯುವ ಮುನ್ನ ನಾವು ನಮ್ಮ ಛಾಪಖಾನೆಯನ್ನೇ ನೋಡಿಕೊಂಡೆವು. ಐದು ಪ್ಲಗ್ಗುಗಳಲ್ಲಿ ಎರಡಕ್ಕೆ ಅರ್ಥಿಂಗ್ ಕಡ್ಡಿ ಇರಲಿಲ್ಲ. ಕೂಲರಿನ ಮೈ ಟೆಸ್ಟರಿಗೆ ಮಿಣಕ್ಕೆಂದಿತು. ಅದನ್ನು ಅಂದೇ ಕಿತ್ತಿಟ್ಟಿದ್ದೇವೆ. ನಾಚಿಕೆಯಾದರೂ ಹೇಳಿಕೊಳ್ಳುತ್ತೇವೆ.

ಪರೀಕ್ಷೆಗೆ ದಿನ ಯಾವುದೆಂದು ಹುಡುಕುವ ಕಷ್ಟವೂ ಇಲ್ಲ. ಆಯುಧ ಪೂಜೆಗೆ ಮೂರೂ ಊರುಗಳ ಗಿರಣಿ ನಿಲ್ಲುತ್ತದೆ. ಮೋಟಾರುಗಳನ್ನು ಒರೆಸಿ ವಿಭೂತಿ, ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ಬ್ಯಾಡಗಿಯ ಹಂಗಾಮು ಅಲ್ಲಿಂದ ಮುಂದಿನದು. ಪೂಜೆಯ ಹಿಂದಿನ ದಿನ ವೈರ್‌ಮನ್ನನನ್ನು ಕರೆಸಿ, ಮೆಗ್ಗರ್ ಹಚ್ಚಿ, ಪಾಸಾದ ಯಂತ್ರಕ್ಕೆ ಚೀಟಿ ಕಟ್ಟಿಸಿರಿ. ಪಾಸಾಗದ್ದಕ್ಕೆ ರಿಪೇರಿ ಆಗುವತನಕ ಹೂವೂ ಬೇಡ, ಕರೆಂಟೂ ಬೇಡ.