ಫೆಸ್ಟ್ ಮುಗೀತು, ಪೋಸ್ಟರ್ ಹಾಗೇ ಇದೆ

ಪ್ರತಿ ಫೆಸ್ಟ್‌ಗೂ ನಾವು ಮಾಡೋದು ಇದನ್ನೇ. ರಾತ್ರಿ ಹನ್ನೊಂದಾದ ಮೇಲೆ ಮೆಸ್‌ನಿಂದ ಮೈದಾ ಇಸ್ಕೊಂಡು, ಕಾಯಿಸಿ ಅಂಟು ಮಾಡಿ, ಬಕೆಟ್ಟು, ಬ್ರಷ್ಷು, ಪೋಸ್ಟರ್ ಕಟ್ಟು ಹಿಡಿದು ಹೊರಡೋದು. ಬಸ್ ಸ್ಟಾಪು, ಕರೆಂಟ್ ಕಂಬ, ಯಾರದೋ ಕಾಂಪೌಂಡು, ಯಾವುದನ್ನೂ ಬಿಡಲ್ಲ. ಪಕ್ಕದ ಕಾಲೇಜಿನ ಪೋಸ್ಟರ್ ಮೇಲೆ ನಮ್ಮದು ಸರಿಯಾಗಿ ಕೂತರೆ ಖುಷಿಯೋ ಖುಷಿ.

ಮೊನ್ನೆ ಗೇಟಿನೆದುರಿನ ಟ್ರಾನ್ಸ್‌ಫಾರ್ಮರ್ ನೋಡಿದೆವು. ಬೇಲಿಗೆ ಹಾಕಿದ್ದ ಅಪಾಯದ ಬೋರ್ಡು ಪೂರ್ತಿ ಮುಚ್ಚಿಹೋಗಿದೆ. ಬುರುಡೆ ಚಿತ್ರ ಇದ್ದ ಜಾಗದಲ್ಲಿ ನಮ್ಮ ರೋಬೋ ವಾರ್! ಅಂಟಿಸಿದವರಲ್ಲಿ ಇಬ್ಬರು ಎಲೆಕ್ಟ್ರಿಕಲ್‌ನವರು.

ಇದು ಅಪರಾಧ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸಾರ್ವಜನಿಕ ಸ್ಥಳಗಳ ಅಂದಗೆಡಿಸೋದನ್ನು ತಡೆಯೋಕೆ ಕರ್ನಾಟಕದಲ್ಲಿ 1981ರಿಂದಲೇ ಒಂದು ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಅಂಟಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2022ರಲ್ಲಿ ಬೆಂಗಳೂರಲ್ಲಿ ‘ಪೇಸಿಎಂ’ ಪೋಸ್ಟರ್ ಅಂಟಿಸಿದವರ ಮೇಲೆ ಕೇಸ್ ಬಿದ್ದಿದ್ದೂ ಈ ಕಾಯ್ದೆಯಲ್ಲೇ.

‘ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟೋ ಲೀಡರ್‌ಗಳನ್ನ ಯಾರೂ ಕೇಳಲ್ಲ, ನಾವೇ ಸಿಕ್ಕಿದ್ವಾ?’ ಅಂತ ಮೀಟಿಂಗಲ್ಲಿ ಒಬ್ಬ ಎದ್ದು ಕೇಳಿದ. ನ್ಯಾಯವಾದ ಮಾತೇ. 2018ರಲ್ಲಿ ಹೈಕೋರ್ಟ್ ಗದರಿದಾಗ ಬೆಂಗಳೂರಿನ ಫ್ಲೆಕ್ಸ್‌ಗಳು ದಡಬಡ ಇಳಿದವು, ಆಮೇಲೆ ಮೆಲ್ಲಗೆ ಮತ್ತೆ ಹತ್ತಿದವು. ಆದರೆ ಫ್ಲೆಕ್ಸ್ ಆದರೆ ಹಗ್ಗ ಬಿಚ್ಚಿದರೆ ಕೆಳಗೆ ಬರುತ್ತೆ. ನಮ್ಮ ಮೈದಾ ಒಣಗಿದ ಮೇಲೆ ಗೋಡೆಯ ಬಣ್ಣವನ್ನೂ ಕಿತ್ತುಕೊಂಡೇ ಬರೋದು. ನೀರು ಹಾಕಿ, ನೆನೆಸಿ, ಕೆರೆಯಬೇಕು. ಕೆರೆಯೋರು ಲೀಡರೂ ಅಲ್ಲ, ನಾವೂ ಅಲ್ಲ. ಬೆಳಿಗ್ಗೆ ಆರಕ್ಕೇ ಪೊರಕೆ ಹಿಡಿದು ಬರೋ ಪೌರಕಾರ್ಮಿಕರು.

ಪೋಸ್ಟರೇ ಬೇಡ ಅಂತ ನಾವು ಹೇಳ್ತಿಲ್ಲ. ಇನ್‌ಸ್ಟಾಗ್ರಾಂ ನೋಡದ ಜನರೂ ಊರಲ್ಲಿದ್ದಾರೆ, ಅವರೂ ಫೆಸ್ಟ್‌ಗೆ ಬರಲಿ. ಅಂಗಡಿಯವರನ್ನ ಕೇಳಿ ಒಳಗೆ ತೂಗುಹಾಕೋಣ. ಟೀ ಅಂಗಡಿ ಅಣ್ಣ ಇವತ್ತಿನವರೆಗೂ ಬೇಡ ಅಂದಿಲ್ಲ. ಹೊರಗಡೆಗೆ ಪಾಲಿಕೆಗೆ ಒಂದು ಅರ್ಜಿ ಕೊಡೋಣ. ಸ್ಪಾನ್ಸರ್‌ಗಳ ಹಿಂದೆ ತಿಂಗಳುಗಟ್ಟಲೆ ಅಲೆಯೋ ನಮಗೆ ಅದೇನು ಮಹಾ? ಮುಂದಿನ ವರ್ಷದಿಂದ ಅಂಟಿಸೋ ಟೀಮೇ ಕಿತ್ತು ತೆಗೆಯೋ ಟೀಮೂ ಆಗಬೇಕು.

ಈ ವರ್ಷದ್ದಕ್ಕೆ ಭಾನುವಾರ ಬೆಳಿಗ್ಗೆ 7ಕ್ಕೆ ಗೇಟ್ ಹತ್ತಿರ ಸೇರ್ತಿದ್ದೀವಿ. ಟ್ರಾನ್ಸ್‌ಫಾರ್ಮರ್ ತಂಟೆಗೆ ಮಾತ್ರ ಯಾರೂ ಹೋಗಬೇಡಿ, ಅದನ್ನ ಲೈನ್‌ಮನ್‌ಗೆ ಹೇಳಿ ತೆಗೆಸ್ತೀವಿ. ಬಕೆಟ್ ನಮ್ಮದು, ಕೆರೆಯೋಕೆ ಹಳೇ ಸ್ಟೀಲ್ ಸ್ಕೇಲ್ ಇದ್ರೆ ತನ್ನಿ.